ಹನೋಯ್ ಮತ್ತು ಹಾಲಾಂಗ್ ಕೊಲ್ಲಿ: ಕೆಲವೇ ದಿನಗಳನ್ನು ಎರಡಕ್ಕೂ ಹಂಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ವಿಯೆಟ್ನಾಂಗೆ ಹೊರಟವರ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಇರುವ ಮೂರು ನಾಲ್ಕು ದಿನಗಳಲ್ಲಿ ರಾಜಧಾನಿ ಹನೋಯ್‌ಗೆ ಎಷ್ಟು, ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಹಡಗಿನಲ್ಲಿ ಸುತ್ತುವ ಹಾಲಾಂಗ್ ಕೊಲ್ಲಿಗೆ ಎಷ್ಟು? ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲ ಸಲ ಯೋಚಿಸುತ್ತಿರುವವರು ಮೇಲಿನಿಂದ ಓದಿ. ಟಿಕೆಟ್ ಆಗಲೇ ತೆಗೆದಿರುವವರು ನೇರವಾಗಿ ಬೇಕಾದ ಪ್ರಶ್ನೆಗೆ ಹೋಗಬಹುದು.

## ಹೊರಡುವ ಮುನ್ನ

ಹನೋಯ್ ಪಕ್ಕದಲ್ಲೇ ಹಾಲಾಂಗ್ ಇದೆ ಅಂದ್ಕೊಂಡಿದ್ವಿ. ನಿಜವಾಗ್ಲೂ ಎಷ್ಟು ದೂರ?

ಪಕ್ಕದಲ್ಲಿಲ್ಲ. ಯಾವ ಬಂದರಿನಲ್ಲಿ ಹಡಗು ಹತ್ತುತ್ತೀರಿ ಎನ್ನುವುದರ ಮೇಲೆ ರಸ್ತೆ ದೂರ ಸುಮಾರು 150ರಿಂದ 170 ಕಿ.ಮೀ. ಕೊಲ್ಲಿ ಇರುವುದು ಕ್ವಾಂಗ್ ನಿನ್ ಪ್ರಾಂತ್ಯದಲ್ಲಿ, ಚೀನಾ ಗಡಿಯ ಕಡೆಗಿರುವ ಕರಾವಳಿಯಲ್ಲಿ. ಹಳೆಯ ಪ್ರವಾಸ ಬರಹಗಳಲ್ಲಿ ನಾಲ್ಕು ಗಂಟೆಯ ಪ್ರಯಾಣ ಎಂದಿರುತ್ತದೆ. ಅದು ಆಗಿನ ಮಟ್ಟಿಗೆ ಸರಿ. 2015ರಲ್ಲಿ ಹನೋಯ್–ಹೈಫಾಂಗ್ (ದಾರಿಯಲ್ಲಿ ಸಿಗುವ ಬಂದರು ನಗರ) ಎಕ್ಸ್‌ಪ್ರೆಸ್‌ವೇ, 2018ರಲ್ಲಿ ಹೈಫಾಂಗ್–ಹಾಲಾಂಗ್ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಈಗ ಎರಡೂವರೆ ಗಂಟೆ ಸಾಕು. ಮಧ್ಯೆ ಅಂಗಡಿಯೊಂದರ ಹತ್ತಿರ ನಿಲ್ಲಿಸುವ ಗಾಡಿಯಾದರೆ ಮೂರು ಗಂಟೆ ಹಿಡಿಯಿರಿ.

ಹೋಗಿಬರುವುದಕ್ಕೆ ಐದರಿಂದ ಆರು ಗಂಟೆ ಎಂಬ ಈ ಲೆಕ್ಕ ತಲೆಯಲ್ಲಿರಲಿ. ಮುಂದಿನ ಉತ್ತರಗಳು ಬಹುತೇಕ ಇದರ ಮೇಲೆಯೇ ನಿಂತಿವೆ.

ವೀಸಾ ಅಲ್ಲಿಗೆ ಹೋದ ಮೇಲೆ ಮಾಡಿಸಬಹುದಾ?

ಅದನ್ನು ನಂಬಿಕೊಂಡು ಹೊರಡಬೇಡಿ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇ-ವೀಸಾ ಸುಲಭದ ದಾರಿ. 2023ರ ಆಗಸ್ಟ್ 15ರಿಂದ ಅದನ್ನು ಗರಿಷ್ಠ 90 ದಿನಗಳಿಗೆ ಕೊಡುತ್ತಿದ್ದಾರೆ. ಒಂದು ಸಲದ ಪ್ರವೇಶಕ್ಕೆ ಶುಲ್ಕ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50 ಡಾಲರ್. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ರೂಪದ ಖಾಸಗಿ ತಾಣಗಳು ಹೆಚ್ಚು ಹಣ ಕೇಳುತ್ತವೆ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರವೂ ತಪ್ಪದೆ ಬರಲಿ.

ಯಾವ ತಿಂಗಳು ಒಳ್ಳೇದು?

ನನ್ನನ್ನು ಕೇಳಿದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆವರೆಗೆ. ಆಕಾಶ ತಿಳಿಯಾಗಿರುತ್ತದೆ, ಸೆಕೆ ಇಳಿದಿರುತ್ತದೆ, ಚಂಡಮಾರುತದ ಭಯ ಬಹಳ ಮಟ್ಟಿಗೆ ಕಳೆದಿರುತ್ತದೆ. ಎರಡನೇ ಆಯ್ಕೆ ಏಪ್ರಿಲ್.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಗಾಲದ ಬಗ್ಗೆ ಜನರಿಗೆ ತಪ್ಪು ಕಲ್ಪನೆ ಇದೆ. ವಿಯೆಟ್ನಾಂ ಅಂದರೆ ಬಿಸಿಲು ಎಂದುಕೊಂಡು ತೆಳು ಬಟ್ಟೆ ತಂದು ನಡುಗುತ್ತಾರೆ. ಜನವರಿಯಲ್ಲಿ ಹನೋಯ್‌ನ ಸರಾಸರಿ ಉಷ್ಣಾಂಶ 17 ಡಿಗ್ರಿಯ ಆಸುಪಾಸು. ತೇವದ ಗಾಳಿ ಸೇರಿ ಅದು ಇನ್ನೂ ಚಳಿ ಅನ್ನಿಸುತ್ತದೆ. ಹಡಗಿನ ಮೇಲಂತಸ್ತಿನಲ್ಲಿ ಸ್ವೆಟರ್ ಬೇಕೇ ಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಜಿನುಗು ಮಳೆ, ಮಂಜು. ಕೊಲ್ಲಿಯ ಬೆಟ್ಟಗಳು ಮಸುಕಾಗಿ ಕಾಣುತ್ತವೆ. ಕೆಲವರಿಗೆ ಆ ಮಸುಕೇ ಇಷ್ಟ, ನೀಲಿ ನೀರಿನ ಫೋಟೊ ನೋಡಿ ಹೊರಟವರಿಗೆ ನಿರಾಸೆ. ಚಳಿಗಾಲದಲ್ಲಿ ಹನೋಯ್‌ನ ಗಾಳಿಯೂ ಕೆಡುತ್ತದೆ, ಉಸಿರಾಟದ ತೊಂದರೆ ಇರುವವರು ಮಾಸ್ಕ್ ತನ್ನಿ.

ಜೂನ್‌ನಿಂದ ಸೆಪ್ಟೆಂಬರ್ ಬಿಸಿಲು, ಬೆವರು, ಜೋರು ಮಳೆಯ ಕಾಲ. ಚಂಡಮಾರುತಗಳು ಬರುವುದೂ ಆಗಲೇ.

ಟೆಟ್ ಹಬ್ಬದ ಸಮಯದಲ್ಲಿ ಹೋದ್ರೆ ಚೆನ್ನಾಗಿರುತ್ತಾ?

ಚಾಂದ್ರಮಾನ ಹೊಸ ವರ್ಷವಾದ ಟೆಟ್ ಕುಟುಂಬದ ಹಬ್ಬ. ಹಬ್ಬಕ್ಕೆ ಮೊದಲಿನ ವಾರ ಹನೋಯ್ ನೋಡಲು ಚೆಂದ: ಪೀಚ್ ಹೂವಿನ ಕೊಂಬೆ, ಕಿತ್ತಳೆಯಂಥ ಕಮ್‌ಕ್ವಾಟ್ ಗಿಡಗಳನ್ನು ಮೋಟಾರ್ ಬೈಕಿನ ಹಿಂದೆ ಕಟ್ಟಿಕೊಂಡು ಜನ ಓಡಾಡುತ್ತಿರುತ್ತಾರೆ. ಹಬ್ಬದ ದಿನ ಮತ್ತು ಮರುದಿನ ಮಾತ್ರ ಬಹಳಷ್ಟು ಅಂಗಡಿ, ಹೋಟೆಲು ಬಾಗಿಲು ಹಾಕಿರುತ್ತವೆ. ಊರಿಗೆ ಹೋಗುವವರಿಂದ ಬಸ್ಸು, ರೈಲು ತುಂಬಿರುತ್ತವೆ. ಟೆಟ್ 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಮೂರ್ನಾಲ್ಕು ದಿನದ ಚಿಕ್ಕ ಪ್ರವಾಸವನ್ನು ಈ ತಾರೀಕುಗಳ ಮೇಲೆ ಇಡದಿರುವುದು ಒಳ್ಳೆಯದು. ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2ರ ರಾಷ್ಟ್ರೀಯ ರಜೆಗಳಲ್ಲಿ ಕೊಲ್ಲಿಯಲ್ಲಿ ವಿಪರೀತ ಜನಸಂದಣಿ.

## ದಿನಗಳ ಹಂಚಿಕೆ

ನಮ್ಮ ಹತ್ರ ಇರೋದು ಬರೀ ನಾಲ್ಕು ದಿನ. ಹೇಗೆ ಹಂಚ್ಕೊಳ್ಳೋದು?

ಕೊಲ್ಲಿಗೆ ಒಂದು ರಾತ್ರಿ, ಮಿಕ್ಕಿದ್ದೆಲ್ಲ ನಗರಕ್ಕೆ. ಎಷ್ಟು ದಿನ ಎನ್ನುವುದಕ್ಕಿಂತ ಯಾವ ದಿನ ಎನ್ನುವುದು ಮುಖ್ಯ. ಬಹಳಷ್ಟು ಜನ ಮೊದಲು ಊರು ನೋಡಿ ಮುಗಿಸಿ, ಕೊಲ್ಲಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ವಿಶೇಷವಾದದ್ದು ಕೊನೆಗಿರಲಿ ಎಂದು. ನಾನು ಅದಕ್ಕೆ ವಿರುದ್ಧ. ಹನೋಯ್ ಯಾವ ಹವೆಯಲ್ಲೂ ಇದ್ದಲ್ಲೇ ಇರುತ್ತದೆ. ಹಡಗು ಹೊರಡುವುದು, ಬಿಡುವುದು ಗಾಳಿ ಮಳೆಯ ಕೈಯಲ್ಲಿದೆ. ಕೈ ತಪ್ಪಬಹುದಾದದ್ದನ್ನು ಮೊದಲು ಮಾಡಿ ಮುಗಿಸಬೇಕು.

ಹಾಗಾಗಿ ಮೊದಲ ದಿನ ಹನೋಯ್ ಸೇರಿ, ಸಂಜೆ ಹಳೆ ಪೇಟೆಯಲ್ಲಿ ಸುತ್ತಿ, ಬೇಗ ಮಲಗಿ. ಎರಡನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಕೊಲ್ಲಿಗೆ ಹೊರಡಿ. ಮೂರನೇ ದಿನ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಹನೋಯ್‌ಗೆ ವಾಪಸ್. ಆ ಸಂಜೆಯೂ ನಾಲ್ಕನೇ ಇಡೀ ದಿನವೂ ನಗರಕ್ಕೆ. ಎರಡನೇ ದಿನ ಹಡಗು ರದ್ದಾದರೆ ಮೂರನೇ ದಿನಕ್ಕೆ ಮುಂದೂಡಲು ಜಾಗವಿದೆ, ಆಗ ನಗರ ಸುತ್ತಾಟ ಹಿಂದೆ ಮುಂದೆ ಆಗುತ್ತದೆ ಅಷ್ಟೆ.

ಮೂರು ದಿನ ಇದ್ರೆ?

ಆಗಬಹುದು, ಆದರೆ ಎರಡು ಷರತ್ತು. ಮೊದಲ ದಿನ ಬೆಳಿಗ್ಗೆಯೇ ನೀವು ಹನೋಯ್‌ನಲ್ಲಿರಬೇಕು. ಕೊನೆಯ ದಿನ ನಿಮ್ಮ ವಿಮಾನ ರಾತ್ರಿ ಒಂಬತ್ತರ ನಂತರ ಇರಬೇಕು. ಹಡಗಿನಿಂದ ಇಳಿದವರು ನಗರ ಸೇರುವುದೇ ನಾಲ್ಕಕ್ಕೆ. ನೊಯ್ ಬಾಯ್ ವಿಮಾನ ನಿಲ್ದಾಣ ನಗರದ ನಡುಭಾಗದಿಂದ ಮೂವತ್ತು ಕಿ.ಮೀ. ಹತ್ತಿರ ಹತ್ತಿರ ದೂರ, ಸಂಜೆಯ ದಟ್ಟಣೆಯಲ್ಲಿ ಒಂದು ಗಂಟೆ ಬೇಕು. ಸಂಜೆ ಆರರ ವಿಮಾನ ಹಿಡಿಯುತ್ತೇನೆ ಎಂದುಕೊಂಡರೆ ವಾಪಸ್ ದಾರಿಯುದ್ದಕ್ಕೂ ಗಡಿಯಾರ ನೋಡುವುದೇ ಕೆಲಸವಾಗುತ್ತದೆ.

ಎರಡೇ ದಿನ ಇದೆ. ಎರಡನ್ನೂ ನೋಡಲೇಬೇಕು.

ನೋಡಬೇಡಿ ಎಂದೇ ಹೇಳುತ್ತೇನೆ. ಎರಡೂ ದಿನ ಹನೋಯ್‌ನಲ್ಲಿ ಇರಿ. ಸುಣ್ಣಕಲ್ಲಿನ ಬೆಟ್ಟ, ನೀರು, ದೋಣಿ ಬೇಕೇ ಬೇಕು ಎಂದರೆ ಒಂದು ದಿನ ನಿನ್ ಬಿನ್ ಕಡೆಗೆ ಹೋಗಿ. ಹನೋಯ್‌ನ ದಕ್ಷಿಣಕ್ಕೆ ಸುಮಾರು 95 ಕಿ.ಮೀ., ಎರಡು ಗಂಟೆಯ ದಾರಿ. ಅಲ್ಲಿನ ಚಾಂಗ್ ಆನ್‌ನಲ್ಲಿ ಅದೇ ಬಗೆಯ ಬೆಟ್ಟಗಳು ಹೊಳೆ, ಗದ್ದೆಗಳ ನಡುವೆ ಎದ್ದು ನಿಂತಿವೆ. ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಗುಹೆಗಳ ಒಳಗೆ ನುಸುಳಿ ಹೋಗಬಹುದು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಒಂದು ಹಗಲಿಗೆ ಅದು ಹಾಲಾಂಗ್‌ಗಿಂತ ಚೆನ್ನಾಗಿ ಹೊಂದುತ್ತದೆ.

ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋ ಒಂದು ದಿನದ ಟೂರ್ ಸಾಕಾಗಲ್ವಾ? ದುಡ್ಡೂ ಉಳಿಯುತ್ತೆ.

ದುಡ್ಡು ಖಂಡಿತ ಉಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟರ ಸುಮಾರಿಗೆ ಹಿಂತಿರುಗುವ ಟೂರ್‌ನಲ್ಲಿ ನೀರಿನ ಮೇಲೆ ಸಿಗುವುದು ನಾಲ್ಕರಿಂದ ಆರು ಗಂಟೆ. ಅದರಲ್ಲಿ ಊಟ, ಒಂದು ಗುಹೆ, ಒಂದು ದ್ವೀಪ. ಇದೇ ಹೊತ್ತಿಗೆ ಉಳಿದ ಹಗಲಿನ ದೋಣಿಗಳೂ ಅಲ್ಲೇ ಇರುತ್ತವೆ, ಗುಹೆಯ ಮೆಟ್ಟಿಲ ಮೇಲೆ ಸಾಲು ನಿಲ್ಲಬೇಕಾಗುತ್ತದೆ. ನಡು ಮಧ್ಯಾಹ್ನದ ಬೆಳಕಿನಲ್ಲಿ ಬೆಟ್ಟಗಳು ಚಪ್ಪಟೆಯಾಗಿ ಕಾಣುತ್ತವೆ.

ಕೊಲ್ಲಿಯ ಗುಣ ಗೊತ್ತಾಗುವುದು ಹಗಲಿನ ದೋಣಿಗಳು ದಡಕ್ಕೆ ಮರಳಿದ ಮೇಲೆ. ನಾಲ್ಕೂವರೆ ಐದರಿಂದ ಕತ್ತಲಾಗುವವರೆಗೆ, ಮತ್ತೆ ಬೆಳಗಿನ ಐದೂವರೆಯಿಂದ ಏಳರವರೆಗೆ ಬೆಳಕು ಓರೆಯಾಗಿ ಬೀಳುತ್ತದೆ. ಆಗ ಒಂದರ ಹಿಂದೆ ಒಂದು ಬೆಟ್ಟದ ಸಾಲು ಬೇರೆ ಬೇರೆ ಬಣ್ಣಕ್ಕೆ ತಿರುಗುತ್ತದೆ, ಎಂಜಿನ್ ಸದ್ದು ನಿಂತಿರುತ್ತದೆ. ಈ ಎರಡು ಹೊತ್ತಿಗಾಗಿಯೇ ರಾತ್ರಿ ತಂಗುವುದು. ರಾತ್ರಿ ಪೂರ್ತಿ ಏಕಾಂತ ಸಿಗುತ್ತದೆಂದು ಮಾತ್ರ ಭಾವಿಸಬೇಡಿ. ಹಡಗುಗಳು ಗೊತ್ತುಮಾಡಿದ ಜಾಗಗಳಲ್ಲೇ ಲಂಗರು ಹಾಕಬೇಕು, ಸುತ್ತಮುತ್ತ ಬೇರೆ ಹಡಗುಗಳ ದೀಪಗಳು ಇರುತ್ತವೆ.

ವಾರದ ಯಾವ ದಿನ ಎಲ್ಲಿರಬೇಕು ಅನ್ನೋದರಿಂದ ವ್ಯತ್ಯಾಸ ಆಗುತ್ತಾ?

ಬಹಳ ಆಗುತ್ತದೆ, ಇದನ್ನು ಯೋಚಿಸುವವರು ಕಡಿಮೆ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಹೋನ್ ಕಿಯೆಮ್ ಸರೋವರದ ಸುತ್ತಲಿನ ರಸ್ತೆಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಮಕ್ಕಳ ಆಟ, ಹಾಡು, ಕುಣಿತ, ಬೀದಿ ತಿಂಡಿಯಿಂದ ಜಾಗ ತುಂಬಿರುತ್ತದೆ. ಹನೋಯ್ ಜನರನ್ನು ಅವರ ಬಿಡುವಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಸೋಮವಾರ ಹೋ ಚಿ ಮಿನ್ ಸಮಾಧಿ, ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯ ಎರಡೂ ಮುಚ್ಚಿರುತ್ತವೆ. ಕೊಲ್ಲಿಯಲ್ಲಿ ವಾರಾಂತ್ಯಕ್ಕೆ ಜನ ಹೆಚ್ಚು, ಸೋಮವಾರ ಮಂಗಳವಾರ ಕಡಿಮೆ.

ಎಲ್ಲವನ್ನೂ ಕೂಡಿಸಿ ನೋಡಿದರೆ ಶನಿವಾರ ಬಂದಿಳಿದು, ಭಾನುವಾರ ನಗರದಲ್ಲಿದ್ದು, ಸೋಮವಾರ ಹಡಗು ಹತ್ತಿ, ಮಂಗಳವಾರ ವಾಪಸಾಗಿ, ಬುಧವಾರ ಹೊರಡುವುದು ಐದು ದಿನದ ಬಲು ಹದವಾದ ಹಂಚಿಕೆ.

## ಹೋಗುವ ದಾರಿ, ಹತ್ತುವ ಹಡಗು

ಬಸ್ಸಾ, ರೈಲಾ, ಕಾರಾ?

ಹಡಗಿನ ಕಂಪನಿಗಳ ಗಾಡಿಯೇ ಅನುಕೂಲ. ಹಳೆ ಪೇಟೆಯ ಹೋಟೆಲುಗಳಿಂದ ಹತ್ತಿಸಿಕೊಂಡು ಅಲ್ಲಿಗೇ ಮರಳಿ ತಂದು ಬಿಡುತ್ತಾರೆ. ನಿಮ್ಮ ಹೋಟೆಲು ಬೇರೆ ಬಡಾವಣೆಯಲ್ಲಿದ್ದರೆ ಅಪೆರಾ ಹೌಸ್‌ನಂಥ ಒಂದು ಜಾಗಕ್ಕೆ ಬರಲು ಹೇಳಬಹುದು. ಒಂಬತ್ತು ಸೀಟಿನ ವ್ಯಾನುಗಳನ್ನು ಅಲ್ಲಿ ಲಿಮೊಸಿನ್ ಎನ್ನುತ್ತಾರೆ, ಒಂದು ಕಡೆಗೆ ಹೆಚ್ಚುಕಡಿಮೆ ಮೂರು ಲಕ್ಷ ಡಾಂಗ್ (ವಿಯೆಟ್ನಾಂನ ಹಣ). ಹಾಲಾಂಗ್‌ಗೆ ರೈಲಿನ ಯೋಚನೆ ಬಿಟ್ಟುಬಿಡಿ. ಹೈಫಾಂಗ್‌ವರೆಗಿನ ರೈಲು ಚೆನ್ನಾಗಿದೆ, ಎರಡೂವರೆ ಗಂಟೆ. 1902ರಲ್ಲಿ ಮುಗಿದ ಲಾಂಗ್ ಬಿಯೆನ್ ಸೇತುವೆ ಮೇಲೆ ಕೆಂಪು ನದಿ ದಾಟುತ್ತದೆ. ಕೊಲ್ಲಿಯ ದಕ್ಷಿಣಕ್ಕಿರುವ ಕಾಟ್ ಬಾ ದ್ವೀಪಕ್ಕೆ ಹೋಗುವವರು ಆ ದಾರಿ ಹಿಡಿಯಬಹುದು.

ವಿಮಾನ ಇಳಿದು ನೇರ ಹಡಗಿಗೇ ಹೋಗಬಹುದಾ?

ಬೆಳಿಗ್ಗೆ ಏಳರೊಳಗೆ ಹೊರಗೆ ಬಂದಿದ್ದರೆ ಸಾಧ್ಯ, ಹಡಗುಗಳು ಹೊರಡುವುದು ಹನ್ನೆರಡರ ಆಸುಪಾಸು. ಆದರೂ ನಾನು ಸಲಹೆ ಮಾಡುವುದಿಲ್ಲ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ರಾತ್ರಿ ನಿದ್ದೆಗೆಟ್ಟು ಬಂದವರು ಸಂಜೆಯ ಆ ಹೊತ್ತನ್ನು ಕ್ಯಾಬಿನ್‌ನಲ್ಲಿ ಮಲಗಿ ಕಳೆಯುತ್ತಾರೆ.

'2 ದಿನ 1 ರಾತ್ರಿ' ಅಂದ್ರೆ ಎರಡು ಪೂರ್ತಿ ದಿನವಾ?

ಅಲ್ಲ, ಹೆಚ್ಚೂಕಡಿಮೆ ಇಪ್ಪತ್ನಾಲ್ಕು ಗಂಟೆ. ಮೊದಲ ದಿನ ಹನ್ನೆರಡರ ಸುಮಾರಿಗೆ ಹತ್ತಿದರೆ ಊಟ, ಆಮೇಲೆ ಗುಹೆ ಅಥವಾ ದ್ವೀಪ, ಕಯಾಕ್ (ನಾವೇ ಹುಟ್ಟು ಹಾಕುವ ಸಣ್ಣ ದೋಣಿ), ಸಂಜೆ ಮೇಲಂತಸ್ತಿನಲ್ಲಿ ಬಿಡುವು, ರಾತ್ರಿ ಊಟ. ಬೆಳಿಗ್ಗೆ ಬೇಗ ತೈಚಿ ವ್ಯಾಯಾಮ, ತಿಂಡಿ, ಮತ್ತೊಂದು ಜಾಗ. ಒಂಬತ್ತೂವರೆ ಹತ್ತಕ್ಕೆ ಕೋಣೆ ಖಾಲಿ ಮಾಡಿಸುತ್ತಾರೆ, ಬೇಗನೆ ಮಧ್ಯಾಹ್ನದ ಊಟ ಬಡಿಸಿ ಹನ್ನೊಂದು ಹನ್ನೆರಡಕ್ಕೆ ದಡಕ್ಕೆ ಬಿಡುತ್ತಾರೆ. ಕಾರ್ಯಕ್ರಮ ಒತ್ತೊತ್ತಾಗಿರುತ್ತದೆ. ಎಲ್ಲದರಲ್ಲೂ ಭಾಗವಹಿಸಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಒಂದನ್ನು ಬಿಟ್ಟು ಹಡಗಿನ ಮೇಲೆ ಸುಮ್ಮನೆ ಕುಳಿತವರು ಹೆಚ್ಚು ಸಂತೋಷವಾಗಿ ಇಳಿಯುವುದನ್ನು ಕಂಡಿದ್ದೇನೆ.

ಹಾಲಾಂಗ್, ಬಾಯ್ ತು ಲಾಂಗ್, ಲಾನ್ ಹಾ. ಇವು ಮೂರೂ ಒಂದೇನಾ? ಯಾವುದನ್ನ ಬುಕ್ ಮಾಡೋದು?

ಒಂದಕ್ಕೊಂದು ಅಂಟಿಕೊಂಡ ಮೂರು ಕೊಲ್ಲಿಗಳು, ಬೆಟ್ಟಗಳೆಲ್ಲ ಒಂದೇ ಜಾತಿಯ ಸುಣ್ಣಕಲ್ಲು. ನಡುವಿನ ಹಾಲಾಂಗ್ 1994ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2000ದಲ್ಲಿ ಅದರ ಭೂವಿಜ್ಞಾನದ ಮಹತ್ವಕ್ಕಾಗಿ ಎರಡನೇ ಸಲ ಮನ್ನಣೆ ಪಡೆಯಿತು. 2023ರಲ್ಲಿ ಕಾಟ್ ಬಾ ದ್ವೀಪಸಮೂಹವನ್ನೂ ಇದಕ್ಕೆ ಸೇರಿಸಿದರು. ಸುಂಗ್ ಸೋಟ್ ಗುಹೆ, ಟಿ ಟಾಪ್ ದ್ವೀಪ, ಹುಂಜಗಳು ಎದುರುಬದುರು ನಿಂತಂತಿರುವ ಜೋಡಿ ಬಂಡೆ, ಹೀಗೆ ಚಿತ್ರಗಳಲ್ಲಿ ನೋಡಿದ ಜಾಗಗಳೆಲ್ಲ ನಡುವಿನ ಹಾಲಾಂಗ್‌ನಲ್ಲಿವೆ, ಜನವೂ ಅಲ್ಲೇ. ಈಶಾನ್ಯದ ಬಾಯ್ ತು ಲಾಂಗ್‌ನಲ್ಲಿ ಹಡಗು ಕಡಿಮೆ. ಅಲ್ಲಿ ವುಂಗ್ ವಿಯೆಂಗ್ ಎಂಬ ತೇಲುವ ಮೀನುಗಾರರ ಹಳ್ಳಿಯನ್ನು ನೋಡಬಹುದು. ದಕ್ಷಿಣದ ಲಾನ್ ಹಾ ಹೈಫಾಂಗ್‌ಗೆ ಸೇರಿದ್ದು, ಕಾಟ್ ಬಾ ದ್ವೀಪದ ಮಗ್ಗುಲಲ್ಲಿದೆ. ಸಣ್ಣ ಸಣ್ಣ ಮರಳು ತೀರಗಳಿವೆ, ಕಯಾಕ್‌ಗೆ ಒಳ್ಳೆಯ ಜಾಗ.

ಮೊದಲ ಸಲ, ಒಂದೇ ರಾತ್ರಿ ಎಂದಾದರೆ ನನ್ನ ಒಲವು ಲಾನ್ ಹಾ ಕಡೆಗೆ. ಹೆಸರಾಂತ ಗುಹೆಯನ್ನು ನೋಡಿಯೇ ಬರಬೇಕು ಎನ್ನುವವರು ಹಾಲಾಂಗ್ ತೆಗೆದುಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಬುಕ್ ಮಾಡುವಾಗ ಹಡಗಿನ ಹೆಸರಿಗಿಂತ ಮಾರ್ಗವನ್ನೂ ಹತ್ತುವ ಬಂದರನ್ನೂ ಕೇಳಿ.

ಹಡಗಿಗೆ ಎಷ್ಟು ಖರ್ಚು? ಅಗ್ಗದ್ದು ತಗೊಂಡ್ರೆ ಏನಾಗುತ್ತೆ?

ಮಧ್ಯಮ ದರ್ಜೆಯಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 120ರಿಂದ 200 ಡಾಲರ್. ಊಟ, ಪ್ರವೇಶ ಶುಲ್ಕ ಸಾಮಾನ್ಯವಾಗಿ ಇದರಲ್ಲೇ ಸೇರಿರುತ್ತವೆ. ಹನೋಯ್‌ನಿಂದ ಗಾಡಿ ಸೇರಿದೆಯೇ, ಕುಡಿಯುವ ಪಾನೀಯಕ್ಕೆ ಬೇರೆ ಕೊಡಬೇಕೇ ಎಂದು ಕೇಳಿಕೊಳ್ಳಿ. ಉಳಿತಾಯ ಮಾಡಬೇಕಾದ ಜಾಗ ಹಡಗಲ್ಲ, ಹನೋಯ್‌ನ ಹೋಟೆಲು. ಹಳೆ ಪೇಟೆಯಲ್ಲಿ ಸಾಧಾರಣ ಬೆಲೆಗೆ ಚೊಕ್ಕ ಕೋಣೆಗಳು ಸಿಗುತ್ತವೆ. ತೀರಾ ಅಗ್ಗದ ಹಡಗಿನಲ್ಲಿ ಎಂಜಿನ್ ಸದ್ದು, ಇಕ್ಕಟ್ಟಾದ ಕ್ಯಾಬಿನ್, ಇದಕ್ಕಿಂತ ಹೆಚ್ಚಾಗಿ ಸುರಕ್ಷತೆಯ ಸಲಕರಣೆಗಳ ಮೇಲೆ ಅನುಮಾನ. ಇತ್ತೀಚಿನ ತಿಂಗಳುಗಳ ಅಭಿಪ್ರಾಯಗಳನ್ನು ಮಾತ್ರ ಓದಿ.

ದೊಡ್ಡ ಸೂಟ್‌ಕೇಸ್ ಏನ್ ಮಾಡೋದು?

ಹನೋಯ್ ಹೋಟೆಲಿನಲ್ಲೇ ಬಿಡಿ. ಮರಳಿ ಅದೇ ಹೋಟೆಲಿಗೆ ಬರುವವರಾದರೆ ಹೆಚ್ಚಿನವರು ದುಡ್ಡಿಲ್ಲದೆ ಇಟ್ಟುಕೊಳ್ಳುತ್ತಾರೆ. ಒಂದು ಜೊತೆ ಬಟ್ಟೆ, ಔಷಧಿ, ಟೋಪಿ, ಹಿಡಿತವಿರುವ ಚಪ್ಪಲಿ ಸಾಕು. ಮೂಲ ಪಾಸ್‌ಪೋರ್ಟ್ ಮಾತ್ರ ಜೊತೆಯಲ್ಲಿರಲಿ, ಹಡಗು ಹತ್ತುವಾಗ ಬೇಕು. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಹಾಲಾಂಗ್ ಕೊಲ್ಲಿಯಲ್ಲಿ 2019ರಿಂದ ನಿಷೇಧವಿದೆ, ಸ್ವಂತ ನೀರಿನ ಬಾಟಲಿ ಒಯ್ಯಿರಿ.

## ನಗರದಲ್ಲಿ

ಒಂದೂವರೆ ದಿನದಲ್ಲಿ ಹನೋಯ್‌ನಲ್ಲಿ ಬಿಡಬಾರದ್ದು ಯಾವುದು?

ನಾನು ಆರಿಸುವುದಾದರೆ ಮೊದಲು ಸಾಹಿತ್ಯ ದೇಗುಲ. 1070ರಲ್ಲಿ ಕನ್‌ಫ್ಯೂಷಿಯಸ್‌ಗಾಗಿ ಕಟ್ಟಿದ್ದು, ಮುಂದೆ ವಿಯೆಟ್ನಾಂನ ಮೊದಲ ವಿದ್ಯಾಪೀಠ ಇಲ್ಲೇ ಬೆಳೆಯಿತು. 1442ರಿಂದ 1779ರವರೆಗಿನ ರಾಜ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರ ಹೆಸರು ಕೆತ್ತಿದ 82 ಶಾಸನಗಳು ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತಿವೆ. ಒಂದು ದೇಶ ತನ್ನ ಓದಿದವರ ಹೆಸರನ್ನು ಹೀಗೆ ಶತಮಾನಗಳ ಕಾಲ ಕಲ್ಲಿನಲ್ಲಿ ಬರೆದಿಟ್ಟದ್ದು ನೋಡಿದರೆ ಮನಸ್ಸು ತುಂಬುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಆಮೇಲೆ ಶಾಲಾ ಮಕ್ಕಳ ಗುಂಪು ಬರುತ್ತದೆ.

ಅಲ್ಲಿಂದ ಬಾ ದಿನ್ ಮೈದಾನ ದೂರವಿಲ್ಲ. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಣೆ ಓದಿದ್ದು ಅಲ್ಲೇ. ಸಮಾಧಿಯ ಒಳಗೆ ಬಿಡುವುದು ಬೆಳಗಿನ ಹೊತ್ತು ಮಾತ್ರ, ಸೋಮವಾರ ಮತ್ತು ಶುಕ್ರವಾರ ಇಲ್ಲ. ತೋಳು, ಮಂಡಿ ಮುಚ್ಚುವ ಉಡುಪು ಬೇಕು. ವರ್ಷದ ನಡುವೆ ಕೆಲವು ವಾರ ನಿರ್ವಹಣೆಗೆಂದು ಮುಚ್ಚುವುದೂ ಉಂಟು. ಪಕ್ಕದಲ್ಲೇ ಒಂದೇ ಕಂಬದ ಪಗೋಡ.

ಸಂಜೆ ಹೋನ್ ಕಿಯೆಮ್ ಸರೋವರ, ಕೆಂಪು ಮರದ ಸೇತುವೆ ದಾಟಿದರೆ ಸಿಗುವ ನ್ಗೊಕ್ ಸೊನ್ ದೇವಾಲಯ, ಸರೋವರದ ಮೂಲೆಯಲ್ಲಿರುವ ಥಾಂಗ್ ಲಾಂಗ್ ರಂಗಮಂದಿರದ ಜಲ ಗೊಂಬೆಯಾಟ. ಸೊಂಟದ ಮಟ್ಟದ ನೀರಿನಲ್ಲಿ ಪರದೆಯ ಹಿಂದೆ ನಿಂತು ಉದ್ದ ಕೋಲುಗಳಿಂದ ಗೊಂಬೆ ಕುಣಿಸುತ್ತಾರೆ. ಕೆಂಪು ನದಿ ಬಯಲಿನ ಗದ್ದೆಯ ಜನರು ಹುಟ್ಟಿಸಿದ ಕಲೆ. ಆಟ ಸುಮಾರು ಐವತ್ತು ನಿಮಿಷ, ಭಾಷೆ ಬಾರದಿದ್ದರೂ ಅರ್ಥವಾಗುತ್ತದೆ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ.

ಟ್ರೇನ್ ಸ್ಟ್ರೀಟ್ ನೋಡ್ಬೇಕು ಅಂತ ಮಕ್ಕಳ ಹಠ.

ಮನೆಗಳ ನಡುವೆ ರೈಲು ಹಾದುಹೋಗುವ ಆ ಓಣಿಗೆ ಅಧಿಕಾರಿಗಳು 2019ರಿಂದ ಹಲವು ಸಲ ಬೇಲಿ ಹಾಕಿದ್ದಾರೆ. ತಡೆ ಇದ್ದರೆ ನುಗ್ಗಬೇಡಿ. ಹಳಿಯ ಮೇಲೆ ನಿಂತು ಫೋಟೊ ತೆಗೆಸುವುದಂತೂ ಬೇಡವೇ ಬೇಡ.

ರಸ್ತೆ ದಾಟೋಕೆ ಭಯ ಆಗುತ್ತೆ ಅಂತ ಕೇಳಿದ್ದೀನಿ.

ಬೈಕುಗಳ ಪ್ರವಾಹ ನಿಲ್ಲಲಿ ಎಂದು ಕಾದರೆ ಅಲ್ಲೇ ನಿಂತಿರಬೇಕಾಗುತ್ತದೆ. ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯಿರಿ, ಅವರು ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ನಡುವೆ ಓಡುವುದು, ಥಟ್ಟನೆ ಹಿಂದೆ ಸರಿಯುವುದು ಅಪಾಯ. ಕಾರು, ಬಸ್ಸು ಬಂದರೆ ಮಾತ್ರ ಬಿಟ್ಟುಕೊಡಿ.

ನಾವು ಸಸ್ಯಾಹಾರಿಗಳು. ಹಡಗಿನಲ್ಲಿ ಉಪವಾಸ ಬೀಳ್ತೀವಾ?

ಇಲ್ಲ, ಆದರೆ ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ಹಡಗಿನ ಅಡುಗೆಮನೆ ಸರಕನ್ನು ದಡದಲ್ಲೇ ತುಂಬಿಕೊಳ್ಳುತ್ತದೆ, ಹತ್ತಿದ ಮೇಲೆ ಹೇಳಿದರೆ ಅನ್ನ, ಬೇಯಿಸಿದ ಸೊಪ್ಪು ಬಿಟ್ಟು ಬೇರೇನೂ ಸಿಗದು. ನಗರದಲ್ಲಿ 'ಚಾಯ್' ಎಂಬ ಫಲಕ ಹುಡುಕಿ, ಅದು ಬೌದ್ಧ ಸಂಪ್ರದಾಯದ ಸಸ್ಯಾಹಾರದ ಗುರುತು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬಹಳಷ್ಟು ವಿಯೆಟ್ನಾಮೀಯರು ಮಾಂಸ ಬಿಡುತ್ತಾರೆ, ಅಂದು ಚಾಯ್ ಊಟ ಹೆಚ್ಚು ಕಡೆ ಸಿಗುತ್ತದೆ.

ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ನ್ಯುಕ್ ಮಾಮ್ ಎಂಬ ಮೀನಿನ ಸಾಸ್ ಇರಬಹುದು, ಫೋ ಎಂಬ ನೂಡಲ್ ಸಾರಿನ ತಳದಲ್ಲಿ ಎಲುಬಿನ ರಸ ಇರುತ್ತದೆ. 'ಮಾಂಸ ಬೇಡ' ಎಂದರೆ ಸಾಲದು, ಮೀನಿನ ಸಾಸೂ ಬೇಡ ಎಂದು ವಿಯೆಟ್ನಾಮೀ ಭಾಷೆಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಮೊಟ್ಟೆ ತಿನ್ನುವವರು ಹನೋಯ್‌ನ ಮೊಟ್ಟೆ ಕಾಫಿ ಕುಡಿಯದೆ ಬರಬೇಡಿ.

ನೋಟಿನಲ್ಲಿ ಸೊನ್ನೆಗಳು ಜಾಸ್ತಿ, ಮೋಸ ಹೋಗ್ತೀವೇನೋ.

20,000 ಮತ್ತು 5,00,000 ಡಾಂಗ್ ನೋಟುಗಳು ಎರಡೂ ನೀಲಿ. ಇಪ್ಪತ್ತೈದು ಪಟ್ಟು ವ್ಯತ್ಯಾಸ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ. ಓಡಾಟಕ್ಕೆ ಗ್ರ್ಯಾಬ್ ಅಥವಾ ಸಾನ್ ಎಸ್‌ಎಂ ಆ್ಯಪ್ ಬಳಸಿದರೆ ಬೆಲೆ ಮೊದಲೇ ಗೊತ್ತಾಗುತ್ತದೆ. 2,00,000 ಡಾಂಗ್ ನೋಟಿನ ಹಿಂಬದಿಯಲ್ಲಿ ಹಾಲಾಂಗ್‌ನ ಧೂಪದಾನಿ ಬಂಡೆ ಇದೆ. ಹಡಗು ಅದರ ಪಕ್ಕ ಹಾದಾಗ ಎಲ್ಲರೂ ನೋಟು ಹಿಡಿದು ಫೋಟೊ ತೆಗೆಯುತ್ತಾರೆ.

## ಇನ್ನಷ್ಟು ಯೋಚಿಸಬೇಕಾದ್ದು

ಚಂಡಮಾರುತ ಬಂದು ಹಡಗು ರದ್ದಾದ್ರೆ ದುಡ್ಡು ಹೋಯ್ತಾ?

ಹಡಗು ಬಿಡಬೇಕೇ ಬೇಡವೇ ಎಂದು ನಿರ್ಧರಿಸುವುದು ಬಂದರಿನ ಅಧಿಕಾರಿಗಳು, ಕಂಪನಿಯಲ್ಲ. ಅವರೇ ನಿಲ್ಲಿಸಿದರೆ ಒಳ್ಳೆಯ ಕಂಪನಿಗಳು ಹಣ ಹಿಂತಿರುಗಿಸುತ್ತವೆ ಅಥವಾ ಬೇರೆ ದಿನ ಕೊಡುತ್ತವೆ. ಕೆಲವೊಮ್ಮೆ ರಾತ್ರಿ ತಂಗುವುದನ್ನು ಮಾತ್ರ ನಿಲ್ಲಿಸಿ ಹಗಲಿನ ಸುತ್ತಾಟಕ್ಕೆ ಬಿಡುತ್ತಾರೆ, ಆಗ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬುಕ್ ಮಾಡುವ ಮೊದಲೇ ಬರಹದಲ್ಲಿ ಪಡೆಯಿರಿ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಸೆಪ್ಟೆಂಬರ್ 7ರಂದು ಯಾಗಿ ಚಂಡಮಾರುತ ಈ ಕರಾವಳಿಗೆ ಅಪ್ಪಳಿಸಿ ಭಾರಿ ಹಾನಿ ಮಾಡಿತು. 2025ರ ಜುಲೈ 19ರಂದು ಹಠಾತ್ತನೆ ಎದ್ದ ಬಿರುಗಾಳಿಗೆ ಹಗಲಿನ ಪ್ರವಾಸಿ ದೋಣಿಯೊಂದು ಕೊಲ್ಲಿಯಲ್ಲಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅಧಿಕಾರಿಗಳು ಬೇಡವೆಂದ ದಿನ ಬೇರೆ ದಾರಿ ಹುಡುಕಬೇಡಿ. ದೋಣಿ ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ಹೊರಗಿನ ಬಾಗಿಲು ಯಾವುದು ನೋಡಿಕೊಳ್ಳಿ, ಮಕ್ಕಳಿಗೆ ಅಳತೆಗೆ ಸರಿಯಾದ ಜಾಕೆಟ್ ಕೇಳಿ ಪಡೆಯಿರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೋಗುವವರು ಹವಾಮಾನದಿಂದಾಗುವ ರದ್ದತಿಯನ್ನೂ ಒಳಗೊಂಡ ಪ್ರವಾಸ ವಿಮೆ ಮಾಡಿಸಿ. ರದ್ದಾದ ದಿನ ಮಳೆ ಬಿಟ್ಟಿದ್ದರೆ ನಿನ್ ಬಿನ್, ಬಿಡದಿದ್ದರೆ ಹನೋಯ್‌ನ ವಸ್ತುಸಂಗ್ರಹಾಲಯಗಳು.

ಅಪ್ಪ ಅಮ್ಮನಿಗೆ ಎಪ್ಪತ್ತರ ಮೇಲೆ. ಹಡಗು ಆಗುತ್ತಾ? ವಾಂತಿ ಗೀಂತಿ?

ಸಾವಿರಾರು ದ್ವೀಪಗಳು ತಡೆಗೋಡೆಯಾಗಿರುವುದರಿಂದ ಒಳಗಿನ ನೀರು ಸಾಮಾನ್ಯವಾಗಿ ಅಲುಗದೆ ಇರುತ್ತದೆ, ಸಮುದ್ರ ಪ್ರಯಾಣದ ವಾಂತಿ ಅಪರೂಪ. ತೊಂದರೆ ಇರುವುದು ಮೆಟ್ಟಿಲುಗಳಲ್ಲಿ. ಸುಂಗ್ ಸೋಟ್ ಗುಹೆಗೆ ಹತ್ತಿಳಿಯಬೇಕು, ಒಳಗೆ ನೆಲ ತೇವ. ಟಿ ಟಾಪ್ ದ್ವೀಪದ ತುದಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಹಿರಿಯರು ಕೆಳಗಿನ ಮರಳಿನಲ್ಲಿ ಕೂರಬಹುದು ಅಥವಾ ಹಡಗಿನಲ್ಲೇ ಉಳಿಯಬಹುದು. ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಇಳಿಯುವಾಗ ಕೈ ಹಿಡಿಯುವವರಿರಲಿ. ಕ್ಯಾಬಿನ್ ಊಟದ ಹಾಲಿಗೆ ಹತ್ತಿರದ ಅಂತಸ್ತಿನಲ್ಲಿ ಕೊಡಲು ಹೇಳಿ. ಕಯಾಕ್ ಬದಲು ಸ್ಥಳೀಯರು ಹುಟ್ಟು ಹಾಕುವ ಬಿದಿರು ದೋಣಿ ಅವರಿಗೆ ಹಿತ.

ಹಡಗಿನ ಬದಲು ದಡದಲ್ಲೇ ಉಳ್ಕೊಂಡ್ರೆ?

ಕಾಟ್ ಬಾ ದ್ವೀಪವಾದರೆ ಸಂತೋಷವಾಗಿ ಒಪ್ಪುತ್ತೇನೆ. ಊರಿನಲ್ಲಿ ಕೋಣೆ ಹಿಡಿದು, ಹಗಲು ಸಣ್ಣ ದೋಣಿಯಲ್ಲಿ ಲಾನ್ ಹಾ ಸುತ್ತಿ, ಇನ್ನೊಂದು ದಿನ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ನಡೆಯಬಹುದು. ಲೋಕದಲ್ಲಿ ನೂರಕ್ಕಿಂತ ಕಡಿಮೆ ಉಳಿದಿರುವ ಕಾಟ್ ಬಾ ಲಂಗೂರ್ ಕೋತಿಯ ನೆಲೆ ಅದು, ಕಾಣಸಿಗುವುದು ತೀರಾ ಅಪರೂಪ. ಹನೋಯ್‌ನಿಂದ ಬಸ್ಸು, ದೋಣಿ ಸೇರಿ ಸುಮಾರು ನಾಲ್ಕು ಗಂಟೆ. ಹಾಗಾಗಿ ಕನಿಷ್ಠ ಎರಡು ರಾತ್ರಿ ಬೇಕು. ಹಾಲಾಂಗ್ ನಗರದ ಬಾಯ್ ಚಾಯ್ ಕಡೆ ಎತ್ತರದ ಹೋಟೆಲುಗಳು, ಮನರಂಜನಾ ಪಾರ್ಕು ಇವೆ. ಅಲ್ಲಿ ಉಳಿದು ಹಗಲಿನ ದೋಣಿ ಹತ್ತುವವರಿಗೆ ಬೆಳಗಿನ ಮೊದಲ ದೋಣಿ ಸಿಗುತ್ತದೆ ಎಂಬುದೊಂದೇ ಲಾಭ.

ಮೂರು ದಿನ ಎರಡು ರಾತ್ರಿಯ ಕ್ರೂಸ್ ಮಾಡಿದ್ರೆ ಇನ್ನೂ ಚೆನ್ನಾಗಿರಲ್ವಾ?

ಒಟ್ಟು ಆರು ದಿನಕ್ಕಿಂತ ಹೆಚ್ಚಿದ್ದರೆ ಮಾತ್ರ. ಅದರ ಲಾಭವಿರುವುದು ನಡುವಿನ ದಿನದಲ್ಲಿ. ಒಂದು ರಾತ್ರಿಯವರು ಇಳಿದು ಹೋದ ಮೇಲೆ ನಿಮ್ಮನ್ನು ಸಣ್ಣ ದೋಣಿಯಲ್ಲಿ ದೂರದ ಮೂಲೆಗಳಿಗೆ ಕರೆದೊಯ್ಯುತ್ತಾರೆ. ಆ ದಿನದ ಕಾರ್ಯಕ್ರಮ ನಿಜವಾಗಿ ಬೇರೆಯೇ, ಅಥವಾ ಮೊದಲ ದಿನ ನೋಡಿದ್ದನ್ನೇ ತಿರುಗಿ ತೋರಿಸುತ್ತಾರೋ ಎಂದು ಮಾರ್ಗದ ನಕ್ಷೆ ತರಿಸಿಕೊಂಡು ನೋಡಿ. ನಾಲ್ಕೈದು ದಿನದ ಪ್ರವಾಸದಲ್ಲಿ ಎರಡನೇ ರಾತ್ರಿಯನ್ನು ಹನೋಯ್‌ನಿಂದ ಕಸಿದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ತೇಲುವ ಹಳ್ಳಿಗಳಲ್ಲಿ ಈಗಲೂ ಜನ ಇದ್ದಾರಾ?

ಮೊದಲಿನಂತೆ ಇಲ್ಲ. ಕುವಾ ವಾನ್, ವುಂಗ್ ವಿಯೆಂಗ್‌ನಂಥ ಹಳ್ಳಿಗಳ ಕುಟುಂಬಗಳನ್ನು 2014ರಲ್ಲಿ ದಡದ ಮೇಲಿನ ಹೊಸ ಬಡಾವಣೆಗೆ ಸ್ಥಳಾಂತರಿಸಿದರು. ಮಕ್ಕಳ ಶಾಲೆ, ಬಿರುಗಾಳಿಯಿಂದ ರಕ್ಷಣೆ, ಕೊಲ್ಲಿಯ ನೀರಿನ ಶುಚಿತ್ವ ಕಾರಣಗಳಾಗಿದ್ದವು. ನೀರಿನ ಮೇಲೆಯೇ ಹುಟ್ಟಿ ಬೆಳೆದವರಿಗೆ ದಡದ ಬದುಕು ಸುಲಭವಾಗಿರಲಿಲ್ಲ. ಹಲವರು ಈಗ ಹಗಲು ಕೊಲ್ಲಿಗೆ ಬಂದು ಪ್ರವಾಸಿಗರಿಗೆ ದೋಣಿ ಹುಟ್ಟು ಹಾಕುತ್ತಾರೆ, ಮೀನು ಸಾಕಣೆಯ ಪಂಜರ ನೋಡಿಕೊಳ್ಳುತ್ತಾರೆ. ದೋಣಿಯಲ್ಲಿ ಕೂತಾಗ ಫೋಟೊಗೆ ಮೊದಲು ಒಪ್ಪಿಗೆ ಕೇಳಿ, ಇಳಿಯುವಾಗ ದೋಣಿ ನಡೆಸಿದವರ ಕೈಗೇ ಟಿಪ್ಸ್ ಕೊಡಿ.